32 ಕೆಬಿಯಲ್ಲಿ ಕೊಬ್ಬರಿ ಲೆಕ್ಕ

ಕ್ಲಾಸ್‌ಮೇಟ್‌ಗಳೆಲ್ಲ ಪೈಥಾನ್, ಕ್ಲೌಡ್ ಎಂದು ಪ್ಲೇಸ್‌ಮೆಂಟ್‌ಗೆ ತಯಾರಾಗುತ್ತಿರುವಾಗ ನಾನು ಲ್ಯಾಪ್‌ಟಾಪ್‌ಗೆ 1981ರ ಕಂಪ್ಯೂಟರೊಂದನ್ನು ಇಳಿಸಿಕೊಂಡೆ. ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೊ. 1984ರಲ್ಲಿ ಶುರುವಾದ ಕೇಂದ್ರದ ‘ಕ್ಲಾಸ್’ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಇದೇ ಯಂತ್ರ. ಮೇಷ್ಟ್ರುಗಳಿಗೆ ತರಬೇತಿಯನ್ನೂ ಕೊಟ್ಟಿದ್ದರು.

ಹಾಗೆ ತರಬೇತಿ ಪಡೆದವರೊಬ್ಬರು ನಮ್ಮೂರಲ್ಲಿದ್ದಾರೆ. ತುರುವೇಕೆರೆ ಕಡೆಯ ಊರು, ಮನೆಮನೆಯಲ್ಲೂ ಕೊಬ್ಬರಿ ಅಟ್ಟ. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ತಿಪಟೂರು ಮಾರುಕಟ್ಟೆಗೆ ಹೊರಡುವಾಗ ಎಷ್ಟು ಕ್ವಿಂಟಲ್ ಆದೀತು ಎಂಬುದೇ ಎಲ್ಲರ ಚಿಂತೆ. ಮೇಷ್ಟ್ರು ಆ ಲೆಕ್ಕಕ್ಕೆ ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆದಿದ್ದರು, ನೋಟ್‌ಬುಕ್ಕಿನಲ್ಲಿ. ಓಡಿಸಿ ನೋಡುವ ಮುನ್ನವೇ ಶಾಲೆಯ ಯಂತ್ರ ಕೆಟ್ಟು ಮೂಲೆ ಸೇರಿತು.

ಹಳೆಯ ಯಂತ್ರದಂತೆಯೇ ನಡೆದುಕೊಳ್ಳುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. ನಾನು ಆರಿಸಿದ್ದು ‘ಬಿ-ಎಮ್’. ಉಬುಂಟುವಿನಲ್ಲಿ ಇದರ ಸೋರ್ಸ್ ಕೋಡ್ ತಂದು ಕಂಪೈಲ್ ಮಾಡಿಕೊಂಡೆ. ಮೊದಲು ಅಲೆಗ್ರೊ 5 ಲೈಬ್ರರಿಯ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿಕೊಳ್ಳಿ, ಇಲ್ಲದಿದ್ದರೆ ಕೆಲಸ ಮುಂದೆ ಸಾಗದು. ಆಮೇಲೆ ಕಾನ್ಫಿಗರ್, ಮೇಕ್, ಅಷ್ಟೇ. ಕಪ್ಪು ಪರದೆಯಲ್ಲಿ ‘ಬಿಬಿಸಿ ಕಂಪ್ಯೂಟರ್ 32ಕೆ’ ಎಂದು ಮೂಡುತ್ತದೆ. ಮೆಮೊರಿ ಬರೀ 32 ಕಿಲೋಬೈಟ್! ನನ್ನ 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಅದರ ಎರಡೂವರೆ ಲಕ್ಷ ಪಟ್ಟಿಗಿಂತ ಹೆಚ್ಚಿದೆ. ಆ 32ರಲ್ಲೂ ಕೆಲವು ಮೋಡ್‌ಗಳಲ್ಲಿ ಪರದೆಯೇ 20 ಕೆಬಿ ನುಂಗುತ್ತದೆ. (ಇದರ ಬೇಸಿಕ್ ಬರೆದ ಸೋಫಿ ವಿಲ್ಸನ್ ಅವರೇ ಮುಂದೆ ಆರ್ಮ್ ಪ್ರೊಸೆಸರ್‌ನ ಇನ್‌ಸ್ಟ್ರಕ್ಷನ್ ಸೆಟ್ ರೂಪಿಸಿದರು. ಇಂದಿನ ಮೊಬೈಲ್‌ಗಳಲ್ಲಿರುವುದು ಆ ವಂಶದ ಚಿಪ್ಪೇ.)

ಭಾನುವಾರ ಮೇಷ್ಟ್ರ ಮನೆಯ ಜಗಲಿಯಲ್ಲಿ ಕೂತು ನೋಟ್‌ಬುಕ್ ನೋಡಿಕೊಂಡು ಟೈಪ್ ಮಾಡಿದೆ. ರನ್ ಕೊಟ್ಟರೆ, ‘ನೋ ಸಚ್ ವೇರಿಯೆಬಲ್ ಅಟ್ ಲೈನ್ 60’. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಬಗ್ಗಿದರು.

‘ಮೇಲೆ ಕ್ಯಾಪಿಟಲ್ ಲೆಟ್ರು, ಇಲ್ಲಿ ಸ್ಮಾಲು. ಈ ಮಿಷನ್ನಿಗೆ ಅವೆರಡೂ ಬೇರೆ ಬೇರೆ ಕಣಯ್ಯ, ಟ್ರೈನಿಂಗಲ್ಲೇ ಹೇಳಿದ್ರು.’

‘ನಾನು ತಿದ್ತೀನಿ ಬಿಡಿ ಸಾರ್’ ಅಂದರೆ ಕೇಳಲಿಲ್ಲ. ಲ್ಯಾಪ್‌ಟಾಪ್ ತಮ್ಮತ್ತ ಎಳೆದುಕೊಂಡು ಒಂದೇ ಬೆರಳಲ್ಲಿ ಅರವತ್ತನೇ ಸಾಲು ಹೊಸದಾಗಿ ಹೊಡೆದರು. ಈ ಸಲ ಕಾಯಿ ಎಷ್ಟು ಎಂದು ಕೇಳಿತು, ಕೆಜಿಗೆ ಎಷ್ಟು ಕೊಬ್ಬರಿ ತೂಗುತ್ತದೆ ಎಂದು ಕೇಳಿತು, ಕ್ವಿಂಟಲ್ ಲೆಕ್ಕ ಮುಂದಿಟ್ಟಿತು. ಮೇಷ್ಟ್ರು ಪೆನ್ನು ಹಿಡಿದು ತಾಳೆ ನೋಡಿ ಸುಮ್ಮನೆ ತಲೆ ಆಡಿಸಿದರು.

ಮರುದಿನ ಬೆಳಿಗ್ಗೆ ಅವರದೇ ಫೋನು: ‘ಕೆಟ್ಟ ಕಾಯಿ ಕಳೆಯೋದೇ ಬರೆದಿಲ್ಲವಲ್ಲೋ! ಅರವತ್ತಕ್ಕೂ ಎಪ್ಪತ್ತಕ್ಕೂ ಮಧ್ಯೆ ಅರವತ್ತೈದು ಅಂತ ಒಂದು ಸಾಲು ಹಾಕಬೇಕು. ಸಂಜೆ ಬಾ.’