ಫ್ಯಾಂಟಸಿ ಫುಟ್‌ಬಾಲ್: ಅರ್ಧ ಹಂಗಾಮಿನ ಉತ್ತಮ ಆಟಗಾರ ಯಾರು?



ತಾಳವಾಡಿ ಬೆಟ್ಟದ ನಮ್ಮ ಹುಡುಗರು ಮೊಬೈಲಿನಲ್ಲಿ ಆಡುವ ಫ್ಯಾಂಟಸಿ ಪ್ರೀಮಿಯರ್ ಲೀಗ್ ಎಂದರೇನೆಂದು ಹಿರಿಯ ಸದಸ್ಯರು ಕೇಳುತ್ತಿರುತ್ತಾರೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ 15 ಆಟಗಾರರನ್ನು 10 ಕೋಟಿ ಪೌಂಡ್ ಕಾಲ್ಪನಿಕ ಹಣದಲ್ಲಿ ಆರಿಸಿ ತಂಡ ಕಟ್ಟಬೇಕು. ನಿಜವಾದ ಪಂದ್ಯಗಳಲ್ಲಿ ಅವರು ಆಡಿದಂತೆ ಅಂಕ ಬರುತ್ತದೆ. ಒಟ್ಟು 38 ಸುತ್ತು. 19 ಮುಗಿದಾಗ ಉತ್ತಮ ಆಟಗಾರ ಯಾರೆಂಬ ಚರ್ಚೆ ಶುರುವಾಗುತ್ತದೆ.

ಒಟ್ಟು ಅಂಕವೊಂದನ್ನೇ ನೋಡಿ ತೀರ್ಮಾನಿಸಬಾರದು. ಮೂರು ವಿಷಯ ಗಮನಿಸಬೇಕು.

1. ಸ್ಥಾನ: ಒಂದು ಗೋಲಿಗೆ ಮುಂಪಡೆಯವರಿಗೆ 4, ಮಧ್ಯಪಡೆಯವರಿಗೆ 5, ರಕ್ಷಣಾ ಪಡೆಯವರಿಗೆ 6 ಅಂಕ. 2024-25ರಲ್ಲಿ ಲಿವರ್‌ಪೂಲ್ ತಂಡದ ಮೊಹಮ್ಮದ್ ಸಲಾ 29 ಗೋಲು ಹೊಡೆದು, 344 ಅಂಕಗಳ ದಾಖಲೆ ಮಾಡಿದರು. ಪಟ್ಟಿಯಲ್ಲಿ ಅವರು ಮಧ್ಯಪಡೆಯವರು. ಮುಂಪಡೆಯವರೆಂದು ಸೇರಿಸಿದ್ದರೆ ಗೋಲಿನ ಲೆಕ್ಕದಲ್ಲೇ 29 ಅಂಕ ಕಡಿಮೆಯಾಗುತ್ತಿತ್ತು.

2. ಆಡಿದ ಪಂದ್ಯಗಳು: 19 ಪಂದ್ಯ ಆಡಿ 95 ಅಂಕ ತಂದವರ ಸರಾಸರಿ 5. ಗಾಯಗೊಂಡು 12 ಪಂದ್ಯ ಮಾತ್ರ ಆಡಿ 84 ಅಂಕ ತಂದವರ ಸರಾಸರಿ 7.

3. ಬೆಲೆ: ಕಡಿಮೆ ಬೆಲೆಗೆ ಸಿಕ್ಕಿ ಹೆಚ್ಚು ಅಂಕ ತಂದವರಿಂದ ಉಳಿದ ಹಣದಲ್ಲಿ ಇನ್ನೊಬ್ಬ ಒಳ್ಳೆಯ ಆಟಗಾರ ಸಿಗುತ್ತಾನೆ. ಉಳಿದ 19 ಸುತ್ತಿಗೆ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬುದೂ ಈ ಲೆಕ್ಕದಿಂದಲೇ ತಿಳಿಯುತ್ತದೆ.

ಪೋಷಕರಿಗೆ ಒಂದು ಮಾತು. ಈ ಆಟಕ್ಕೆ ಶುಲ್ಕವಿಲ್ಲ. ಹಣ ಕಟ್ಟಿಸಿಕೊಂಡು ಆಡಿಸುವ ಆನ್‌ಲೈನ್ ಆಟಗಳನ್ನು ಕೇಂದ್ರದ 2025ರ ಕಾಯ್ದೆ ನಿಷೇಧಿಸಿದೆ. ಆಚೆ ಚಾಮರಾಜನಗರಕ್ಕೂ ಈಚೆ ತಾಳವಾಡಿಗೂ ಇದು ಅನ್ವಯಿಸುತ್ತದೆ. ‘ಇಷ್ಟು ಕಟ್ಟಿದರೆ ದುಪ್ಪಟ್ಟು’ ಎಂದು ಯಾರಾದರೂ ಮಕ್ಕಳಿಗೆ ಆಸೆ ತೋರಿಸಿದರೆ ಕೂಡಲೇ ತಡೆಯಿರೆಂದು ಕೋರುತ್ತೇವೆ.

— ಕಾರ್ಯದರ್ಶಿ