ಹೈಬ್ರಿಡ್ ಪಾಲಿಫೋನಿಕ್ ಸಿಂಥಸೈಜರ್

ಹೈಬ್ರಿಡ್ ಪಾಲಿಫೋನಿಕ್ ಸಿಂಥಸೈಜರ್ ಎಂಬುದು ಡಿಜಿಟಲ್ ಮತ್ತು ಅನಲಾಗ್ ಮಂಡಲಗಳೆರಡನ್ನೂ ಬಳಸಿ ಧ್ವನಿಯನ್ನು ಉತ್ಪಾದಿಸುವ, ಏಕಕಾಲದಲ್ಲಿ ಹಲವು ಸ್ವರಗಳನ್ನು ನುಡಿಸಬಲ್ಲ ಎಲೆಕ್ಟ್ರಾನಿಕ್ ವಾದ್ಯವಾಗಿದೆ. ಇದು ಕಂಪ್ಯೂಟರಿನಲ್ಲಿ ನಡೆಯುವ ತಂತ್ರಾಂಶವಲ್ಲ. ಕೀಬೋರ್ಡ್, ತಿರುಗಿಸುವ ಗುಂಡಿಗಳು ಮತ್ತು ಸ್ವಂತ ಮಂಡಲಗಳುಳ್ಳ ಸ್ವತಂತ್ರ ಯಂತ್ರ. ಚಲನಚಿತ್ರ ಸಂಗೀತ ಮತ್ತು ಸುಗಮ ಸಂಗೀತಗಳಲ್ಲಿ ಸಿಂಥಸೈಜರ್ ಸುಲಭವಾಗಿ ನೆಲೆಯೂರಿದೆ. ಶ್ರುತಿ ಮತ್ತು ಗಮಕಗಳನ್ನೇ ಆಧಾರವಾಗಿ ಹೊಂದಿರುವ ಶಾಸ್ತ್ರೀಯ ಸಂಗೀತದಲ್ಲಿ ಅದರ ಸ್ಥಾನ ಇನ್ನೂ ಚರ್ಚೆಯ ವಿಷಯವಾಗಿಯೇ ಉಳಿದಿದೆ.

ರಚನೆ

ಸಿಂಥಸೈಜರಿನಲ್ಲಿ ಧ್ವನಿ ಮೂರು ಘಟ್ಟಗಳನ್ನು ದಾಟಿ ಹೊರಬರುತ್ತದೆ. ಆಸಿಲೇಟರ್ ಮೂಲ ತರಂಗವನ್ನು ಹುಟ್ಟಿಸುತ್ತದೆ, ಫಿಲ್ಟರ್ ಅದರಲ್ಲಿನ ಕೆಲವು ಆವೃತ್ತಿಗಳನ್ನು ತಗ್ಗಿಸಿ ನಾದದ ಬಣ್ಣವನ್ನು ನಿರ್ಧರಿಸುತ್ತದೆ, ಆಂಪ್ಲಿಫೈಯರ್ ಅದರ ಏರಿಳಿತವನ್ನು ರೂಪಿಸುತ್ತದೆ. ಪೂರ್ಣ ಅನಲಾಗ್ ವಾದ್ಯದಲ್ಲಿ ಈ ಮೂರೂ ವಿದ್ಯುತ್ ಮಂಡಲಗಳೇ. ಅಂತಹ ಆಸಿಲೇಟರುಗಳ ಶ್ರುತಿ ಉಷ್ಣಾಂಶಕ್ಕೆ ತಕ್ಕಂತೆ ಸರಿಯುತ್ತದೆ. ವಾದ್ಯ ಬಿಸಿಯಾಗುವವರೆಗೆ ಕಾಯಬೇಕಾಗುತ್ತದೆ. ಡಿಜಿಟಲ್ ಆಸಿಲೇಟರ್ ಅಂಕಿಗಳಿಂದ ತರಂಗವನ್ನು ಲೆಕ್ಕಹಾಕುವುದರಿಂದ ಶ್ರುತಿ ಕದಲುವುದಿಲ್ಲ, ತರಂಗದ ಆಕಾರಗಳಿಗೂ ಮಿತಿಯಿಲ್ಲ. ಆದರೆ ಅನಲಾಗ್ ಫಿಲ್ಟರ್ ಹೆಚ್ಚು ಮಟ್ಟದ ಸಂಕೇತಕ್ಕೆ ತೋರುವ ಮೃದುವಾದ ವಿರೂಪವನ್ನು ಹಲವು ವಾದಕರು ಬಿಟ್ಟುಕೊಡಲು ಒಪ್ಪುವುದಿಲ್ಲ. ಡಿಜಿಟಲ್ ಆಸಿಲೇಟರಿನ ಮುಂದೆ ಅನಲಾಗ್ ಫಿಲ್ಟರನ್ನು ಜೋಡಿಸುವ ಹೈಬ್ರಿಡ್ ವಿನ್ಯಾಸ ಹುಟ್ಟಿದ್ದು ಈ ಎರಡು ಬಯಕೆಗಳ ನಡುವಿನ ರಾಜಿಯಾಗಿ.

ಒಂದು ಸ್ವರವನ್ನು ನುಡಿಸಲು ಬೇಕಾದ ಆಸಿಲೇಟರ್, ಫಿಲ್ಟರ್, ಆಂಪ್ಲಿಫೈಯರುಗಳ ಒಂದು ಜೋಡಣೆಗೆ ‘ವಾಯ್ಸ್’ ಎಂದು ಹೆಸರು. ನಾಲ್ಕು ವಾಯ್ಸ್‌ಗಳ ವಾದ್ಯದಲ್ಲಿ ಐದನೆಯ ಸ್ವರವನ್ನು ಒತ್ತಿದರೆ ಮೊದಲೇ ನುಡಿಯುತ್ತಿರುವ ಒಂದು ಸ್ವರ ಕಡಿದುಹೋಗುತ್ತದೆ. ಬೆರಳೆತ್ತಿದ ಬಳಿಕವೂ ನಾದ ನಿಧಾನವಾಗಿ ಕ್ಷೀಣಿಸುವಂತೆ ಹೊಂದಿಸಿದ್ದರೆ, ಆ ಕ್ಷೀಣಿಸುತ್ತಿರುವ ನಾದವೂ ಒಂದು ವಾಯ್ಸನ್ನು ಹಿಡಿದಿಟ್ಟುಕೊಂಡಿರುತ್ತದೆ.

ಇತಿಹಾಸ

1978ರಲ್ಲಿ ಬಂದ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ ಸಂಸ್ಥೆಯ ಪ್ರಾಫೆಟ್-5, ಐದು ಅನಲಾಗ್ ವಾಯ್ಸ್‌ಗಳನ್ನು ಮೈಕ್ರೊಪ್ರೊಸೆಸರಿನ ಹಿಡಿತಕ್ಕೆ ತಂದು, ಹೊಂದಿಸಿದ ಧ್ವನಿಗಳನ್ನು ನೆನಪಿನಲ್ಲಿ ಉಳಿಸುವ ಸೌಲಭ್ಯವನ್ನು ಒದಗಿಸಿತು. ಧ್ವನಿಯ ಮೂಲವೇ ಡಿಜಿಟಲ್ ಆದದ್ದು ಜರ್ಮನಿಯ ವುಲ್ಫ್‌ಗಾಂಗ್ ಪಾಮ್ ರೂಪಿಸಿದ ಪಿಪಿಜಿ ವೇವ್ 2ರಲ್ಲಿ. 1981ರ ಈ ಎಂಟು ವಾಯ್ಸ್‌ಗಳ ವಾದ್ಯದಲ್ಲಿ ಸಂಗ್ರಹಿಸಿಟ್ಟ ತರಂಗಗಳು ಅನಲಾಗ್ ಫಿಲ್ಟರಿನ ಮೂಲಕ ಸಾಗುತ್ತಿದ್ದವು. 1983ರ ಯಮಾಹಾ ಡಿಎಕ್ಸ್7 ಪೂರ್ಣ ಡಿಜಿಟಲ್ ಆಗಿ ಮಾರುಕಟ್ಟೆಯನ್ನು ಆವರಿಸಿದರೂ ಕಾರ್ಗ್ ಡಿಡಬ್ಲ್ಯು-8000, ಪ್ರಾಫೆಟ್ ವಿಎಸ್‌ಗಳಲ್ಲಿ ಹೈಬ್ರಿಡ್ ಮಾರ್ಗ ಮುಂದುವರಿಯಿತು. ಈಚಿನವುಗಳಲ್ಲಿ ಎಂಟು ವಾಯ್ಸ್‌ಗಳ ನೊವೇಶನ್ ಪೀಕ್ (2017) ಮತ್ತು ನಾಲ್ಕು ವಾಯ್ಸ್‌ಗಳ ಕಾರ್ಗ್ ಮಿನಿಲಾಗ್ ಎಕ್ಸ್‌ಡಿ (2019) ಪ್ರಸಿದ್ಧವಾಗಿವೆ. ಎರಡನೆಯದರಲ್ಲಿ ಎರಡು ಅನಲಾಗ್ ಆಸಿಲೇಟರುಗಳ ಪಕ್ಕದಲ್ಲಿ ಮೂರನೆಯದಾಗಿ ಡಿಜಿಟಲ್ ಆಸಿಲೇಟರ್ ಇದೆ.

ಭಾರತದಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು 1969ರಲ್ಲಿಯೇ ಮೂಗ್ ಸಿಂಥಸೈಜರನ್ನು ಪಡೆದಿತ್ತು. ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲಿ ಎಂಟು ವಾಯ್ಸ್‌ಗಳ ರೋಲಂಡ್ ಜುಪಿಟರ್-8 ಮತ್ತಿತರ ಯಂತ್ರಗಳಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿ ಹೊರತಂದ ಧ್ವನಿಮುದ್ರಿಕೆ ಆಗ ಮಾರಾಟವಾಗಲಿಲ್ಲ. ಸುಮಾರು ಮೂರು ದಶಕಗಳ ನಂತರ ಮರುಬಿಡುಗಡೆಯಾಗಿ ಜಗತ್ತಿನ ಗಮನ ಸೆಳೆಯಿತು.

ಮೈಸೂರು ಮತ್ತು ಹೊರಗಿನ ವಾದ್ಯಗಳು

ಹೊಸ ವಾದ್ಯವೊಂದರ ಮೊದಲ ಪರಿಚಯ ಕರ್ನಾಟಕದ ಸಂಗೀತಲೋಕಕ್ಕೆ ಹೊಸ ಅನುಭವವಲ್ಲ. ಪಿಟೀಲು ಪಶ್ಚಿಮದಿಂದ ಬಂದುದೇ, ಮೈಸೂರು ಟಿ. ಚೌಡಯ್ಯನವರು ಅದಕ್ಕೆ ತಂತಿಗಳನ್ನು ಹೆಚ್ಚಿಸಿ ಏಳು ತಂತಿಗಳ ಪಿಟೀಲನ್ನು ಬಳಕೆಗೆ ತಂದರು. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನನ್ನು ಮೊದಲು ಕೇಳಿದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ಅವರಿಗೆ ಹಲವು ವರ್ಷಗಳ ಸಾಧನೆ ಬೇಕಾಯಿತು; 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ಅವರು ಅದೇ ವಾದ್ಯವನ್ನು ನುಡಿಸಿದರು. ಈ ಎರಡು ವಾದ್ಯಗಳಿಗೂ ಒಂದು ಸಮಾನ ಗುಣವಿದೆ. ಪಿಟೀಲಿನಲ್ಲಿ ಬೆರಳು, ಸ್ಯಾಕ್ಸೊಫೋನಿನಲ್ಲಿ ತುಟಿ ಮತ್ತು ಉಸಿರು ಸ್ವರವನ್ನು ಎರಡು ಸ್ಥಾನಗಳ ನಡುವೆ ಎಳೆಯಬಲ್ಲವು.

ಮನೆಗಳುಳ್ಳ ವಾದ್ಯಕ್ಕೆ ಇಂತಹ ಸೌಕರ್ಯವಿಲ್ಲ. ಹಾರ್ಮೋನಿಯಮ್ಮಿನ ಮೇಲೆ ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹೇರಿದ ನಿಷೇಧಕ್ಕೆ ಇದೂ ಒಂದು ಮುಖ್ಯ ಕಾರಣ. ಅದು ಸಡಿಲಗೊಂಡದ್ದು 1970ರ ದಶಕದ ಆರಂಭದಲ್ಲಿ. ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿ ನಿಲಯ ನಿಷೇಧದ ಕಾಲಕ್ಕೆ ಆ ಸಂಸ್ಥೆಯ ಅಂಗವಾಗಿರಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಇಡೀ ದೇಶದ ಬಾನುಲಿಗೆ ಮುಂದೆ ಬಂದ ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದು. ಇಂದಿನ ಮೈಸೂರು ಆಕಾಶವಾಣಿ ಇರುವುದು ನಗರದ ಯಾದವಗಿರಿಯಲ್ಲಿ.

ಇದಕ್ಕೆ ವ್ಯತಿರಿಕ್ತವಾಗಿ, ಬೆಂಗಳೂರಿನ ಇಂಜಿನಿಯರ್ ಮತ್ತು ಕೊಳಲುವಾದಕ ಜಿ. ರಾಜ್ ನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ ಕಛೇರಿ ವೇದಿಕೆಗಳನ್ನು ಬೇಗನೆ ಸೇರಿತು. ಅದೂ ವಿದ್ಯುತ್ ಮಂಡಲದಿಂದ ನಾದ ಹೊರಡಿಸುವ ಯಂತ್ರವೇ. ಆದರೆ ಅದಕ್ಕೆ ವಹಿಸಿದ ಕೆಲಸ ಶ್ರುತಿ ಹಿಡಿಯುವುದಷ್ಟೇ, ರಾಗ ನುಡಿಸುವುದಲ್ಲ. ಆಕ್ಷೇಪ ಇದ್ದದ್ದು ವಿದ್ಯುತ್ತಿನ ಮೇಲಲ್ಲ, ಸ್ಥಿರವಾದ ಸ್ವರದ ಮೇಲೆ ಎಂಬುದು ಇದರಿಂದ ತಿಳಿಯುತ್ತದೆ.

ಶ್ರುತಿ ಮತ್ತು ಗಮಕ

ಸಾಮಾನ್ಯ ಕೀಬೋರ್ಡಿನಲ್ಲಿ ಸ್ಥಾಯಿಯನ್ನು 12 ಸಮಭಾಗಗಳಾಗಿ ಹಂಚಲಾಗಿರುತ್ತದೆ. ಒಂದು ಸ್ಥಾಯಿಗೆ 1200 ಸೆಂಟ್ ಎಂಬ ಲೆಕ್ಕದಲ್ಲಿ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್ ಮೇಲಿರುತ್ತದೆ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಿಂದ ತಾನಾಗಿ ಕೇಳಿಬರುವ ಸ್ವಯಂಭೂ ಗಾಂಧಾರವಾದರೋ ಸುಮಾರು 386 ಸೆಂಟ್‌ನಲ್ಲಿದೆ. ಒಂದು ಮನೆ ಶ್ರುತಿಯಲ್ಲಿ, ಅಂದರೆ ಷಡ್ಜ 261.6 ಹರ್ಟ್ಜ್ ಇದ್ದಾಗ, ಮೊದಲನೆಯದು 329.6 ಹರ್ಟ್ಜ್, ಎರಡನೆಯದು 327 ಹರ್ಟ್ಜ್. ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಎರಡೂವರೆ ಸಲ ನಾದ ಉಬ್ಬಿ ತಗ್ಗುತ್ತದೆ. ಅಭ್ಯಾಸವಿಲ್ಲದ ಕಿವಿಗೂ ಇದು ಕೇಳಿಸುತ್ತದೆ. ಪಂಚಮದಲ್ಲಿ ವ್ಯತ್ಯಾಸ ಕೇವಲ ಎರಡು ಸೆಂಟ್ ಆದ್ದರಿಂದ ತೊಂದರೆಯಿಲ್ಲ. ಪೀಕ್, ಮಿನಿಲಾಗ್ ಎಕ್ಸ್‌ಡಿಗಳಂತಹ ವಾದ್ಯಗಳಲ್ಲಿ ಪ್ರತಿಯೊಂದು ಸ್ವರಸ್ಥಾನವನ್ನೂ ಬೇಕಾದಂತೆ ಹೊಂದಿಸಿಕೊಳ್ಳಲು ಅವಕಾಶವಿದ್ದು, ಶ್ರುತಿಯ ತೊಡಕು ಇಲ್ಲಿಗೆ ಬಹುಮಟ್ಟಿಗೆ ಪರಿಹಾರವಾಗುತ್ತದೆ.

ಗಮಕದ ತೊಡಕು ಇನ್ನೂ ಆಳವಾದುದು. ತೋಡಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ. ರಿಷಭದ ಕಡೆಗೂ ಮಧ್ಯಮದ ಕಡೆಗೂ ತೂಗುತ್ತಲೇ ಅದು ಗಾಂಧಾರವೆನಿಸಿಕೊಳ್ಳುತ್ತದೆ. ಕೀಬೋರ್ಡಿನಲ್ಲಿ ಇದನ್ನು ಸಾಧಿಸುವ ರೂಢಿಯ ಮಾರ್ಗವೆಂದರೆ ಎಡಗೈಯಿಂದ ಪಿಚ್ ಬೆಂಡ್ ಚಕ್ರವನ್ನು ಆಡಿಸುವುದು. ಕೀಬೋರ್ಡ್ ಸತ್ಯನಾರಾಯಣನ್ ಈ ವಿಧಾನದಲ್ಲಿ ಪೂರ್ಣ ಕಛೇರಿಗಳನ್ನು ನಡೆಸಿ ತೋರಿಸಿದ್ದಾರೆ. ಬಹಳಷ್ಟು ವಾದ್ಯಗಳಲ್ಲಿ ಈ ಚಕ್ರದ ವ್ಯಾಪ್ತಿ ಮೇಲಕ್ಕೂ ಕೆಳಕ್ಕೂ ಎರಡೆರಡು ಅರ್ಧಸ್ವರಗಳಿಗೆ ನಿಗದಿಯಾಗಿರುತ್ತದೆ. ಸಾಧಾರಣ ಗಾಂಧಾರದ ಮನೆಯನ್ನು ಒತ್ತಿದಾಗ ಶುದ್ಧ ರಿಷಭದಿಂದ ಶುದ್ಧ ಮಧ್ಯಮದವರೆಗೆ ಅದು ಸರಿಯಾಗಿ ಮುಟ್ಟುತ್ತದೆ. ರಿಷಭವನ್ನು ಒತ್ತಿ ಮಧ್ಯಮಕ್ಕೆ ಜಾರಬೇಕಾದರೆ ವ್ಯಾಪ್ತಿಯನ್ನು ನಾಲ್ಕಕ್ಕೆ ಏರಿಸಿಕೊಳ್ಳಬೇಕು.

ಪಾಲಿಫೋನಿ ವರವಾಗುವ ಬದಲು ಅಡ್ಡಿಯಾಗುವುದು ಈ ಹಂತದಲ್ಲಿ. ಸಾಮಾನ್ಯ ಚಕ್ರ ನುಡಿಯುತ್ತಿರುವ ಎಲ್ಲ ಸ್ವರಗಳನ್ನೂ ಒಟ್ಟಿಗೆ ಬಾಗಿಸುತ್ತದೆ. ಆಧಾರ ಷಡ್ಜವನ್ನು ಹಿಡಿದುಕೊಂಡೇ ಗಾಂಧಾರವನ್ನು ಕಂಪಿಸಿದರೆ ಷಡ್ಜವೂ ಜೊತೆಗೆ ಅಲುಗಿ, ಶ್ರುತಿಯೇ ಇಲ್ಲದಂತಾಗುತ್ತದೆ. 2018ರಲ್ಲಿ ಅಂಗೀಕೃತವಾದ ಎಂಪಿಇ ಎಂಬ ಮಿಡಿ ವಿಸ್ತರಣೆಯು ಪ್ರತಿ ಸ್ವರಕ್ಕೂ ಪ್ರತ್ಯೇಕ ಬಾಗುವಿಕೆಯನ್ನು ಕಲ್ಪಿಸಿದೆ. ಇದರಲ್ಲಿ ಷಡ್ಜ ನಿಂತಿರುವಾಗಲೇ ಗಾಂಧಾರ ಮಾತ್ರ ತೂಗಬಲ್ಲದು. ಆದರೆ ನುಡಿಸುವ ಕೀಬೋರ್ಡ್ ಮತ್ತು ಧ್ವನಿ ಹೊರಡಿಸುವ ವಾದ್ಯ ಎರಡೂ ಅದಕ್ಕೆ ಹೊಂದಿಕೊಂಡಿರಬೇಕು.

ಹೊಸ ವಾದ್ಯದ ಮೊದಲ ಪರಿಶೀಲನೆ

ಹೊಸ ಸಿಂಥಸೈಜರುಗಳ ಬಗ್ಗೆ ಮೊದಲ ದಿನಗಳಲ್ಲಿ ಪ್ರಕಟವಾಗುವ ಅಭಿಪ್ರಾಯಗಳು ಹೆಚ್ಚಾಗಿ ತಯಾರಕರು ತುಂಬಿಟ್ಟ ಧ್ವನಿಗಳನ್ನು ಅವಲಂಬಿಸಿರುತ್ತವೆ. ಈ ಧ್ವನಿಗಳಿಗೆ ರಿವರ್ಬ್, ಡಿಲೇಗಳಂತಹ ಪರಿಣಾಮಗಳನ್ನು ಧಾರಾಳವಾಗಿ ಬೆರೆಸಿರುವುದರಿಂದ ಅನಲಾಗ್ ಫಿಲ್ಟರಿನ ನಿಜವಾದ ಗುಣ ಅವುಗಳಡಿಯಲ್ಲಿ ಮುಚ್ಚಿಹೋಗುತ್ತದೆ. ಪರಿಣಾಮಗಳನ್ನು ಆರಿಸಿ, ಒಂದೇ ಆಸಿಲೇಟರನ್ನು ಉಳಿಸಿಕೊಂಡು, ಫಿಲ್ಟರಿನ ಗುಂಡಿಯನ್ನು ನಿಧಾನವಾಗಿ ತಿರುಗಿಸುವುದು ಹೆಚ್ಚು ನಂಬಬಹುದಾದ ಪರೀಕ್ಷೆ. ಡಿಜಿಟಲ್ ನಿಯಂತ್ರಣದ ಗುಂಡಿಗಳು ಕೆಲವು ವಾದ್ಯಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುವುದು ಆಗ ಸ್ಪಷ್ಟವಾಗಿ ಕೇಳಿಸುತ್ತದೆ.

ರಾಗಸಂಗೀತಕ್ಕೆ ವಾದ್ಯವನ್ನು ಆಯ್ದುಕೊಳ್ಳುವವರಿಗೆ ವಾಯ್ಸ್‌ಗಳ ಸಂಖ್ಯೆಯೂ ಬೇರೆ ಅರ್ಥ ಪಡೆಯುತ್ತದೆ. ನಾಲ್ಕು ವಾಯ್ಸ್‌ಗಳ ವಾದ್ಯದಲ್ಲಿ ಮಂದ್ರ ಷಡ್ಜ, ಪಂಚಮ, ಮಧ್ಯ ಷಡ್ಜಗಳನ್ನು ಶ್ರುತಿಗಾಗಿ ಹಿಡಿದರೆ ರಾಗಕ್ಕೆ ಉಳಿಯುವುದು ಒಂದೇ ವಾಯ್ಸ್. ಹಿಂದಿನ ಸ್ವರದ ಅನುರಣನ ಮುಗಿಯುವ ಮೊದಲು ಮುಂದಿನ ಸ್ವರಕ್ಕೆ ಹೋದರೆ, ವಾದ್ಯವು ತನ್ನ ನಿಯಮದಂತೆ ಆ ಅನುರಣನವನ್ನೋ ಅಥವಾ ಎಲ್ಲಕ್ಕಿಂತ ಮೊದಲು ಒತ್ತಿದ ಮಂದ್ರ ಷಡ್ಜವನ್ನೋ ಕಡಿದುಹಾಕುತ್ತದೆ. ಎಂಟು ವಾಯ್ಸ್‌ಗಳಿದ್ದರೆ ಆಲಾಪನೆಗೆ ಐದು ಉಳಿಯುತ್ತವೆ. ಶ್ರುತಿಯನ್ನು ಪ್ರತ್ಯೇಕ ಎಲೆಕ್ಟ್ರಾನಿಕ್ ತಂಬೂರಿಗೆ ಬಿಟ್ಟುಕೊಟ್ಟರೆ ನಾಲ್ಕೂ ಸಾಕಾಗುತ್ತವೆ. ಸಾಮಾನ್ಯ ಚಕ್ರವನ್ನು ಆಡಿಸಿದರೂ ಆಗ ಷಡ್ಜ ಅಲುಗುವುದಿಲ್ಲ.