ಗುಟ್ಕಾ ಬಿಟ್ಟರೇ? ಒಂದು ದಿನ ನೋಡಿ ಹೇಳಬೇಡಿ

ರಮಝಾನ್ ತಿಂಗಳಲ್ಲಿ ನಿಮ್ಮ ಮೊಹಲ್ಲಾದ ಪಾನ್ ಅಂಗಡಿಯನ್ನು ಗಮನಿಸಿದ್ದೀರಾ? ಬೆಟಗೇರಿಯಲ್ಲಿ ಬಾಯಿಗೆ ಗುಟ್ಕಾ ಹಾಕದೆ ಮಗ್ಗದ ಮುಂದೆ ಕೂರದವರು, ಗದಗದಲ್ಲಿ ಅದಿಲ್ಲದೆ ಆಟೋ ಹತ್ತದವರು ಆ ತಿಂಗಳು ಫಜ್ರ್‌ನಿಂದ ಮಗ್ರಿಬ್‌ವರೆಗೆ ತಂಬಾಕನ್ನು ಮುಟ್ಟುವುದಿಲ್ಲ. "ಅಬ್ಬಾ ಈ ಸಲ ಬಿಟ್ಟೇಬಿಟ್ಟರು" ಎಂದು ಮನೆಯವರು ಸಂತೋಷಪಡುತ್ತಾರೆ. ಈದ್ ಕಳೆದು ವಾರವಾಗುವಷ್ಟರಲ್ಲಿ ಜೇಬಿನಲ್ಲಿ ಮತ್ತೆ ಪ್ಯಾಕೆಟ್ ಸಿಗುತ್ತದೆ. ಆಗ ಅದೇ ಮನೆಯವರು "ಇನ್ನು ಇವರು ಬಿಡುವ ಮಾತೇ ಇಲ್ಲ" ಎಂದು ಕೈಚೆಲ್ಲುತ್ತಾರೆ.

ಎರಡೂ ಅವಸರದ ತೀರ್ಮಾನಗಳು. ಎರಡಕ್ಕೂ ಆಧಾರ ಒಂದೊಂದು ದಿನದ ನೋಟ ಮಾತ್ರ. ಚಟವಾಗಲಿ, ಒಳ್ಳೆಯ ಅಭ್ಯಾಸವಾಗಲಿ ಒಂದೇ ದಿನದಲ್ಲಿ ಬರುವುದಿಲ್ಲ, ಒಂದೇ ದಿನದಲ್ಲಿ ಹೋಗುವುದೂ ಇಲ್ಲ. ಆದ್ದರಿಂದಲೇ ಜನರ ಅಭ್ಯಾಸ ಕಾಲಕಾಲಕ್ಕೆ ಹೇಗೆ ಬದಲಾಗುತ್ತದೆ ಎಂದು ತಿಳಿಯಲು ಸಂಖ್ಯಾಶಾಸ್ತ್ರದಲ್ಲಿ ಪ್ರತ್ಯೇಕ ವಿಧಾನಗಳಿವೆ. ಅವುಗಳ ತಿರುಳು ಕಷ್ಟದ್ದಲ್ಲ. ಅದು ನಿಮ್ಮ ಮನೆಯಲ್ಲೂ, ಜಮಾಅತ್‌ನ ಕೆಲಸದಲ್ಲೂ ಉಪಯೋಗಕ್ಕೆ ಬರುತ್ತದೆ.

ಎರಡು ಸಮೀಕ್ಷೆ ಹೇಳುವುದೆಷ್ಟು?

ದೇಶದಲ್ಲಿ ವಯಸ್ಕರ ತಂಬಾಕು ಬಳಕೆಯ ದೊಡ್ಡ ಸಮೀಕ್ಷೆ ಎರಡು ಬಾರಿ ನಡೆದಿದೆ. 2009-10ರಲ್ಲಿ ಕರ್ನಾಟಕದ 15 ವರ್ಷ ಮೀರಿದವರಲ್ಲಿ ಶೇ. 28.2ರಷ್ಟು ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2016-17ರಲ್ಲಿ ಅದು ಶೇ. 22.8ಕ್ಕೆ ಇಳಿದಿತ್ತು. ಈ ನಡುವೆ, 2013ರ ಮೇ ತಿಂಗಳಲ್ಲಿ, ರಾಜ್ಯ ಸರಕಾರ ಗುಟ್ಕಾ ನಿಷೇಧಿಸಿತು.

ಹಾಗಾದರೆ ನಿಷೇಧದಿಂದಲೇ ಬಳಕೆ ಇಳಿಯಿತು ಎನ್ನಬಹುದೇ? ಈ ಎರಡು ಅಂಕಿಗಳಿಂದಷ್ಟೇ ಹೇಳಲಾಗದು. ಮೊದಲ ಸಲ ಪ್ರಶ್ನೆ ಕೇಳಿದ್ದು ಒಂದಿಷ್ಟು ಜನರಿಗೆ, ಎರಡನೆಯ ಸಲ ಬೇರೆ ಜನರಿಗೆ. ಹಳಬರು ತಂಬಾಕು ಬಿಟ್ಟರೂ ಅಂಕಿ ಇಳಿಯುತ್ತದೆ, ಹೊಸ ಹುಡುಗರು ಹಿಡಿಯದಿದ್ದರೂ ಇಳಿಯುತ್ತದೆ. ಬೆಲೆ, ಪ್ಯಾಕೆಟ್ ಮೇಲಿನ ಎಚ್ಚರಿಕೆಯ ಚಿತ್ರ, ಜನರ ತಿಳಿವಳಿಕೆ ಎಲ್ಲವೂ ಆ ಏಳು ವರ್ಷಗಳಲ್ಲಿ ಬದಲಾದವು. ನಿಷೇಧದ ನಂತರ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಆಗಿ ಮಾರಾಟಕ್ಕೆ ಬಂದದ್ದೂ ನಮಗೆ ಗೊತ್ತಿದೆ. ಊರು ಎತ್ತ ಸಾಗಿದೆ ಎಂದು ಇಂಥ ಸಮೀಕ್ಷೆ ತೋರಿಸುತ್ತದೆ. ನಿಮ್ಮ ಅಣ್ಣ ಹೇಗೆ ಬದಲಾದ ಎಂದು ತಿಳಿಯಬೇಕಾದರೆ ಅವನನ್ನೇ ಮತ್ತೆ ಮತ್ತೆ ಕೇಳಬೇಕು.

ಚಿತ್ತೂರಿನ ಹದಿನಾಲ್ಕು ಹಳ್ಳಿಗಳು

ನಮ್ಮ ಕೋಲಾರಕ್ಕೆ ಹೊಂದಿಕೊಂಡಿರುವ ಆಂಧ್ರದ ಚಿತ್ತೂರು ಜಿಲ್ಲೆಯ 14 ಹಳ್ಳಿಗಳಲ್ಲಿ ಸೋಪಿನಿಂದ ಕೈ ತೊಳೆಯುವ ಅಭ್ಯಾಸದ ಬಗ್ಗೆ ಒಂದು ಅಧ್ಯಯನ ನಡೆಯಿತು. ಅದರ ವರದಿ 2014ರಲ್ಲಿ ಪ್ರಕಟವಾಯಿತು. ಏಳು ಹಳ್ಳಿಗಳಲ್ಲಿ 'ಸೂಪರ್ ಅಮ್ಮ' ಎಂಬ ಪಾತ್ರದ ಮೂಲಕ ಪ್ರಚಾರ ನಡೆಸಿದರು. ಉಳಿದ ಏಳು ಹಳ್ಳಿಗಳಲ್ಲಿ ಆಗ ಏನೂ ಮಾಡಲಿಲ್ಲ. ಶೌಚದ ನಂತರ, ಊಟಕ್ಕೆ ಮುಂಚೆ ಜನ ಸೋಪು ಬಳಸುತ್ತಾರೆಯೇ ಎಂದು ಮನೆಗಳಲ್ಲಿ ಕುಳಿತು ಕಣ್ಣಾರೆ ನೋಡಿ ಬರೆದುಕೊಂಡರು.

ಪ್ರಚಾರಕ್ಕೆ ಮುಂಚೆ ಎರಡೂ ಕಡೆ ಸೋಪು ಬಳಕೆ ಶೇ. 1-2 ಮಾತ್ರ. ಪ್ರಚಾರ ಮುಗಿದ ಆರು ವಾರಗಳಿಗೆ ಪ್ರಚಾರದ ಹಳ್ಳಿಗಳಲ್ಲಿ ಶೇ. 19, ಉಳಿದವುಗಳಲ್ಲಿ ಶೇ. 4. ಆರು ತಿಂಗಳಿಗೆ ಶೇ. 37 ಮತ್ತು ಶೇ. 6. ಆನಂತರ ಉಳಿದ ಹಳ್ಳಿಗಳಲ್ಲೂ ಚಿಕ್ಕದಾಗಿ ಪ್ರಚಾರ ಮಾಡಿದರು. ಒಂದು ವರ್ಷಕ್ಕೆ ಎರಡೂ ಕಡೆ ಶೇ. 29.

ಆರು ವಾರಕ್ಕೇ ನಿಲ್ಲಿಸಿದ್ದರೆ ಆಮೇಲೆ ಆದ ಏರಿಕೆ ಕಾಣುತ್ತಿರಲಿಲ್ಲ. ಆರು ತಿಂಗಳಿಗೆ ನಿಲ್ಲಿಸಿದ್ದರೆ ಮೊದಲ ಹಳ್ಳಿಗಳು 37ರಿಂದ 29ಕ್ಕೆ ಜಾರಿದ್ದು ತಿಳಿಯುತ್ತಿರಲಿಲ್ಲ. ಪ್ರಚಾರವಿಲ್ಲದ ಹಳ್ಳಿಗಳಿಗೂ ಹೋಗಿ ನೋಡಿದ್ದರಿಂದಲೇ, ತಾನಾಗಿ ಆಗುವ ಬದಲಾವಣೆ ಎಷ್ಟು ಅಲ್ಪ ಎಂದು ಗೊತ್ತಾಯಿತು. ಹಲವು ಬಾರಿ ಅಳೆಯುವುದು, ಹೋಲಿಕೆಗೆ ಇನ್ನೊಂದು ಗುಂಪು ಇಟ್ಟುಕೊಳ್ಳುವುದು: ಈ ಎರಡಿಲ್ಲದೆ "ನಮ್ಮ ಕಾರ್ಯಕ್ರಮದಿಂದ ಜನ ಬದಲಾದರು" ಎಂದು ಹೇಳುವುದು ಕಷ್ಟ.

ಸರಾಸರಿಯೊಳಗೆ ಅಡಗಿದವರು

ಒಂದು ಮೊಹಲ್ಲಾದಲ್ಲಿ ಹತ್ತು ಜನ ದಿನಕ್ಕೆ ಹತ್ತತ್ತು ಪ್ಯಾಕೆಟ್ ತಿನ್ನುತ್ತಿದ್ದರು ಎಂದುಕೊಳ್ಳಿ. ಮೂರು ತಿಂಗಳ ನಂತರ ಸರಾಸರಿ ಆರಕ್ಕೆ ಇಳಿಯಿತು. ಹತ್ತೂ ಜನ ತಲಾ ನಾಲ್ಕು ಪ್ಯಾಕೆಟ್ ಕಡಿಮೆ ಮಾಡಿರಬಹುದು. ಇಲ್ಲವೇ ನಾಲ್ಕು ಜನ ಪೂರ್ತಿ ಬಿಟ್ಟು, ಆರು ಜನ ಒಂದನ್ನೂ ಕಡಿಮೆ ಮಾಡದೆ ಇರಬಹುದು. ಎರಡರಲ್ಲೂ ಸರಾಸರಿ ಆರೇ. ಆದರೆ ಎರಡನೆಯ ಸಂದರ್ಭದಲ್ಲಿ ಆ ಆರು ಜನರಿಗೆ ಬೇರೆಯೇ ನೆರವು ಬೇಕು. ಅದಕ್ಕೇ ಇಂದಿನ ಸಂಶೋಧಕರು ಗುಂಪಿನ ಸರಾಸರಿಯ ಜೊತೆಗೆ ಒಬ್ಬೊಬ್ಬರದೂ ಪ್ರತ್ಯೇಕ ಗೆರೆ ಎಳೆದು ನೋಡುತ್ತಾರೆ: ಎಲ್ಲಿಂದ ಶುರುವಾಯಿತು, ಎಷ್ಟು ವೇಗದಲ್ಲಿ ಇಳಿಯಿತು, ಎಲ್ಲಿ ಮತ್ತೆ ಏರಿತು.

ಬಾರದವರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚಟ ಬಿಡಿಸುವ ಸಭೆಗೆ 20 ಜನ ಹೆಸರು ಬರೆಸಿದರು, ಮೂರು ತಿಂಗಳ ನಂತರ 8 ಜನ ಬಂದರು, ಅವರಲ್ಲಿ 6 ಜನ ಬಿಟ್ಟಿದ್ದರು ಎನ್ನಿ. "ಶೇ. 75 ಯಶಸ್ಸು" ಎಂದು ವರದಿ ಬರೆಯುವುದು ಸುಲಭ. ಆದರೆ ಮತ್ತೆ ತಿನ್ನತೊಡಗಿದವರು ನಾಚಿಕೆಯಿಂದಲೇ ಬರದೆ ಇರಬಹುದು. ತಂಬಾಕಿನ ಸಂಶೋಧನೆಗಳಲ್ಲಿ ಬಾರದವರು ಬಿಟ್ಟಿಲ್ಲ ಎಂದೇ ಎಣಿಸುವುದು ವಾಡಿಕೆ. ಆಗ ಲೆಕ್ಕ 20ರಲ್ಲಿ 6, ಅಂದರೆ ಶೇ. 30. ಅಂಕಿ ಚಿಕ್ಕದಾಯಿತು ನಿಜ, ಆದರೆ ಯಾರ ಮನೆಗೆ ಹೋಗಿ ಮಾತನಾಡಿಸಬೇಕು ಎಂದು ಈಗ ತಿಳಿಯಿತು.

ಮನೆಯಲ್ಲಿ ಹೀಗೆ ಮಾಡಿ

ಒಂದು ನೋಟ್‌ಬುಕ್ ಸಾಕು. ಬಿಡಬೇಕೆಂದಿರುವವರೇ ಬರೆಯಲಿ. ಇನ್ನೊಬ್ಬರು ಕಾವಲುಗಾರರಂತೆ ಬರೆದರೆ ಸುಳ್ಳಿಗೆ ದಾರಿಯಾಗುತ್ತದೆ.

ಮೊದಲ ಎರಡು ವಾರ ಏನನ್ನೂ ಬದಲಿಸದೆ ಎಣಿಸಿ. ಪ್ರತಿದಿನ ಇಶಾ ನಮಾಝಿನ ನಂತರ, ಆ ದಿನ ಎಷ್ಟು ಪ್ಯಾಕೆಟ್ ಆಯಿತೆಂದು ಬರೆಯಿರಿ. ಇದು ಆರಂಭದ ಅಳತೆ. ತೀರಾ ಹೆಚ್ಚು ತಿಂದ ವಾರವನ್ನೇ ಆರಂಭವೆಂದು ಹಿಡಿಯಬೇಡಿ. ಮದುವೆಯ ಗದ್ದಲದ ವಾರದ ನಂತರ ಅಂಕಿ ತಾನಾಗಿಯೇ ಎಂದಿನ ಮಟ್ಟಕ್ಕೆ ಇಳಿಯುತ್ತದೆ. ಅದನ್ನು ಗೆಲುವೆಂದು ತಪ್ಪು ತಿಳಿಯುವ ಸಂಭವವಿದೆ.

ನಂತರ ಬಿಡುವ ದಿನ ಗೊತ್ತುಮಾಡಿ. ದಿನದ ಏರಿಳಿತಕ್ಕೆ ಹಿಗ್ಗದೆ, ಕುಗ್ಗದೆ ವಾರದ ಮೊತ್ತವನ್ನು ನೋಡಿ. ವಿಶೇಷ ದಿನಗಳನ್ನು ಪಕ್ಕದಲ್ಲಿ ಗುರುತು ಮಾಡಿ: ಲಕ್ಷ್ಮೇಶ್ವರದ ಉರುಸು, ಶಿರಹಟ್ಟಿಯ ಜಾತ್ರೆ, ಮುಂಡರಗಿಯ ಹೊಲದಲ್ಲಿ ಕೊಯ್ಲಿನ ದಿನಗಳು, ರಾತ್ರಿ ಪಾಳಿ, ಮನೆಯ ಜಗಳ. ಎರಡು ಮೂರು ತಿಂಗಳಲ್ಲಿ, ಯಾವ ದಿನ ಎಡವುತ್ತೇವೆ ಎಂದು ಪುಸ್ತಕವೇ ಹೇಳುತ್ತದೆ. ಮುಂದಿನ ಸಲ ಆ ದಿನಕ್ಕೆ ಮೊದಲೇ ಸಿದ್ಧರಾಗಬಹುದು.

ರಮಝಾನ್ ತಿಂಗಳನ್ನು ಬೇರೆಯಾಗಿಯೇ ಬರೆಯಿರಿ. ಹಿಜ್ರಿ ವರ್ಷ ಸುಮಾರು 11 ದಿನ ಚಿಕ್ಕದು. 2025ರಲ್ಲಿ ನಮ್ಮಲ್ಲಿ ಉಪವಾಸ ಮಾರ್ಚ್ 2ಕ್ಕೆ ಆರಂಭವಾಗಿ 31ಕ್ಕೆ ಈದ್ ಬಂತು. ಕೆಲವು ವರ್ಷ ಕಳೆದರೆ ಮಾರ್ಚ್‌ನಲ್ಲಿ ಉಪವಾಸವೇ ಇರುವುದಿಲ್ಲ. ಆಗ ಮಾರ್ಚ್‌ಗೆ ಮಾರ್ಚ್ ಹೋಲಿಸಿದರೆ ಚಟ ಹೆಚ್ಚಾದಂತೆ ಕಾಣುತ್ತದೆ. ರಮಝಾನನ್ನು ರಮಝಾನಿಗೆ, ಶವ್ವಾಲನ್ನು ಶವ್ವಾಲಿಗೆ ಹೋಲಿಸಿ. ಬಿಟ್ಟದ್ದು ನಿಂತಿತೇ ಎಂದು ತೋರಿಸುವುದು ಶವ್ವಾಲ್ ಮತ್ತು ಅದರ ನಂತರದ ತಿಂಗಳುಗಳು.

ಎಡವಿದರೆ

ಬಿಟ್ಟವರಲ್ಲಿ ಹೆಚ್ಚಿನವರು ಮರಳುವುದು ಮೊದಲ ಕೆಲವು ವಾರಗಳಲ್ಲೇ. ಆದ್ದರಿಂದ "ಬಿಟ್ಟರೋ ಇಲ್ಲವೋ" ಎಂದು ಕೇಳುವ ಬದಲು "ಈ ಸಲ ಎಷ್ಟು ದಿನ ನಿಂತರು" ಎಂದು ಕೇಳಿ. ಹೋದ ಸಲ ನಾಲ್ಕು ದಿನ, ಈ ಸಲ ಹತ್ತೊಂಬತ್ತು ದಿನ ಎಂದಾದರೆ, ಅದು ಸೋಲಲ್ಲ. ಇಪ್ಪತ್ತನೆಯ ದಿನ ತಿಂದದ್ದಕ್ಕೆ ಮನೆಯವರು ಹಂಗಿಸಿದರೆ ಪುಸ್ತಕ ಅಲ್ಲಿಗೇ ಮುಚ್ಚುತ್ತದೆ. ಹತ್ತೊಂಬತ್ತು ದಿನಗಳನ್ನು ನೆನಪಿಸಿದರೆ ಮತ್ತೆ ತೆರೆಯುತ್ತದೆ. ಆರು ತಿಂಗಳು ಪೂರ್ತಿ ದಾಟಿದ ಮೇಲೆ ಧೈರ್ಯವಾಗಿ "ಬಿಟ್ಟರು" ಎನ್ನಿ.

ಒಂದು ಎಚ್ಚರಿಕೆ. ಬಾಯಿ ಮೊದಲಿನಷ್ಟು ತೆರೆಯದಿದ್ದರೆ, ಖಾರ ತಿಂದರೆ ಉರಿದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಪುಸ್ತಕ ಬರೆಯುತ್ತ ಕಾಯಬೇಡಿ. ಕೂಡಲೇ ದಂತ ವೈದ್ಯರಿಗೆ ತೋರಿಸಿ. ಬಿಡಲು ನೆರವು ಬೇಕಿದ್ದರೆ 1800-11-2356 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

ಸ್ವಲ್ಪವೇ ಆದರೂ ನಿರಂತರವಾಗಿ ಮಾಡುವ ಕರ್ಮ ಅಲ್ಲಾಹನಿಗೆ ಪ್ರಿಯವೆಂದು ಪ್ರವಾದಿ(ಸ) ಕಲಿಸಿದ್ದಾರೆ. ಆ ನಿರಂತರತೆ ಒಂದು ದಿನದಲ್ಲಿ ಕಾಣುವಂಥದ್ದಲ್ಲ. ನಿಮ್ಮವರಿಗೆ ಕಾಲ ಕೊಡಿ, ಲೆಕ್ಕವನ್ನು ಪ್ರಾಮಾಣಿಕವಾಗಿ ಇಡಿ, ದುಆ ಮಾಡಿ.